ಕರೆಂಟ್ ಲೈನು ಹೊರಗಿನ ಸರ್ಕಾರದ ಕೈಗೆ ಹೋಗದಿರಲು ಯಾವ ಕಾನೂನು ಒಳ್ಳೆಯದು? ಆರು ದಾರಿಗಳ ಹೋಲಿಕೆ

ನಮ್ಮೂರಲ್ಲಿ ಕರೆಂಟ್ ಹೋದರೆ ಇವತ್ತಿಗೂ "ಕೆಇಬಿಗೆ ಫೋನ್ ಮಾಡು" ಅಂತಾರೆ. ಕೆಇಬಿ 1999ರಲ್ಲೇ ಮುಗಿದುಹೋಯಿತು. ಕೆಪಿಟಿಸಿಎಲ್ ಬಂತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಬಂದವು. ಬೋರ್ಡಿನ ಮೇಲೆ ಹೆಸರು ಬದಲಾದರೂ ಜನರ ಬಾಯಲ್ಲಿ ಬದಲಾಗಲಿಲ್ಲ. ಯಾಕಂದ್ರೆ ಯಜಮಾನ ಬದಲಾಗಲಿಲ್ಲ. ಆಗಲೂ ರಾಜ್ಯ ಸರ್ಕಾರ, ಈಗಲೂ ರಾಜ್ಯ ಸರ್ಕಾರ. ಬಿಲ್ಲು ಜಾಸ್ತಿ ಬಂದರೆ ಯಾರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತು. ಉತ್ತರ ಸಿಗದಿದ್ದರೆ ಮುಂದಿನ ಚುನಾವಣೆ ಇದ್ದೇ ಇದೆ.

ಈಗ ಹೀಗೆ ಅಂದುಕೊಳ್ಳಿ. ನಿಮ್ಮ ಹೊಲದ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನು, ಊರಾಚೆಯ ಸಬ್‌ಸ್ಟೇಷನ್, ಬೀದಿಯ ಕಂಬ, ಎಲ್ಲವೂ ಬೇರೊಂದು ರಾಜ್ಯದ ಸರ್ಕಾರದ್ದು. ಆ ಸರ್ಕಾರಕ್ಕೆ ನೀವು ಮತ ಹಾಕುವುದಿಲ್ಲ. ಆ ಮಂತ್ರಿಗಳು ನಿಮ್ಮೂರಿಗೆ ಬರುವುದಿಲ್ಲ. ಅವರ ಜನರಿಗೆ ಅಗ್ಗದ ಕರೆಂಟ್ ಕೊಡುತ್ತೇವೆ ಅಂತ ಮಾತು ಕೊಟ್ಟು ಗೆದ್ದವರು ಅವರು. ಆ ಮಾತು ಉಳಿಸಿಕೊಳ್ಳಲು ನಿಮ್ಮ ಬಿಲ್ಲಿಗೆ ಕೈ ಹಾಕಿದರೆ ತಡೆಯುವವರು ಯಾರು?

ಇದು ಸುಮ್ನೆ ಊಹೆಯಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ರಾಜ್ಯಗಳು ಈ ಪ್ರಶ್ನೆಯನ್ನು ನಿಜವಾಗಿಯೂ ಎದುರಿಸಿವೆ. ಒಂದೊಂದು ರಾಜ್ಯ ಒಂದೊಂದು ಥರ ಉತ್ತರ ಕಂಡುಕೊಂಡಿದೆ. ಸಿಯಾಟಲ್, ಆಸ್ಟಿನ್, ಟೊರಾಂಟೊ, ಸಿಡ್ನಿಗಳಲ್ಲಿ ಮನೆ ಮಾಡಿ, ಅಲ್ಲೇ ಮತ ಹಾಕುವ ಕನ್ನಡಿಗರು ಸಾಕಷ್ಟಿದ್ದಾರೆ. ನಾಳೆ ನಿಮ್ಮ ರಾಜ್ಯದಲ್ಲಿ ಇಂಥ ಮಸೂದೆ ಬಂದರೆ ಯಾವ ಥರದ್ದನ್ನು ಬೆಂಬಲಿಸಬೇಕು, ಯಾವುದರಲ್ಲಿ ಏನು ಕೊರತೆ, ಅದನ್ನು ತೂಗಿ ನೋಡಲು ಇದನ್ನು ಬರೆದಿದ್ದೇನೆ. ಊರಲ್ಲೇ ಇದ್ದು ವಿದ್ಯುತ್ ಕಂಪನಿಗಳ ಖಾಸಗೀಕರಣದ ಮಾತು ಕೇಳುತ್ತಿರುವವರಿಗೂ ಇದು ಬೇಕಾದ ವಿಷಯವೇ.

ಮೊದಲು ಒಂದು ವ್ಯಾಪಾರದ ಕಥೆ

ದಾರಿಗಳನ್ನು ಹೋಲಿಸುವ ಮೊದಲು ಒಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನ ಮಾತೆಲ್ಲಾ ಇದರ ಮೇಲೆಯೇ ನಿಂತಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಪೋಕೇನ್ ಅಂತ ಒಂದು ಊರಿದೆ. ಊರ ನಡುವೆಯೇ ಹೊಳೆ, ಹೊಳೆಯಲ್ಲೇ ಜಲಪಾತ. ಅದರ ನೀರಿನಿಂದ ಕರೆಂಟ್ ತೆಗೆಯಲು 1889ರಲ್ಲಿ ವಾಷಿಂಗ್ಟನ್ ವಾಟರ್ ಪವರ್ ಅನ್ನುವ ಕಂಪನಿ ಹುಟ್ಟಿತು. 1999ರಲ್ಲಿ, ಅಂದರೆ ನಮ್ಮ ಕೆಇಬಿ ಹೆಸರು ಕಳೆದುಕೊಂಡ ವರ್ಷವೇ, ಅದು ಅವಿಸ್ಟಾ ಅಂತ ಹೆಸರು ಬದಲಿಸಿಕೊಂಡಿತು. ವಾಷಿಂಗ್ಟನ್ನಿನ ಪೂರ್ವ ಭಾಗ, ಪಕ್ಕದ ಐಡಹೋ ರಾಜ್ಯದ ಉತ್ತರ ಭಾಗ, ಎರಡೂ ಕಡೆಯ ಮನೆಗಳಿಗೆ ಅದೇ ಕರೆಂಟ್ ಕೊಡುತ್ತದೆ.

2017ರ ಜುಲೈನಲ್ಲಿ ಕೆನಡಾದ ಹೈಡ್ರೋ ಒನ್ ಕಂಪನಿ ಅವಿಸ್ಟಾವನ್ನು ಕೊಳ್ಳುವುದಾಗಿ ಹೇಳಿತು. ಸಾಲವೂ ಸೇರಿ ಸುಮಾರು 5.3 ಬಿಲಿಯನ್ ಅಮೆರಿಕನ್ ಡಾಲರಿನ ವ್ಯಾಪಾರ. ಹೈಡ್ರೋ ಒನ್ ಒಂಟಾರಿಯೋ ಪ್ರಾಂತ್ಯದ ಪ್ರಸರಣ ಜಾಲದ ಬಹುಪಾಲನ್ನು ನಡೆಸುವ ಕಂಪನಿ. ಮೊದಲು ಪೂರ್ತಿ ಸರ್ಕಾರದ್ದಾಗಿತ್ತು. 2015ರಲ್ಲಿ ಷೇರುಪೇಟೆಗೆ ಬಂತು. ಆದರೂ ಸುಮಾರು 47 ಶೇಕಡಾ ಷೇರು ಪ್ರಾಂತ್ಯ ಸರ್ಕಾರದ ಬಳಿಯೇ ಉಳಿದಿತ್ತು. ಅರ್ಧಕ್ಕಿಂತ ಕಡಿಮೆ ಅಲ್ವಾ, ಹಾಗಾಗಿ ಇದು ಸರ್ಕಾರಿ ಕಂಪನಿಯಲ್ಲ, ಸಾಮಾನ್ಯ ವಾಣಿಜ್ಯ ಕಂಪನಿ ಅನ್ನುವುದು ವಾದ.

ಆ ವಾದ 2018ರ ಬೇಸಿಗೆಯಲ್ಲಿ ಕುಸಿಯಿತು. ಜೂನ್ 7ರಂದು ಒಂಟಾರಿಯೋದಲ್ಲಿ ಚುನಾವಣೆ. ಪ್ರಾಂತ್ಯದ ಮುಖ್ಯಮಂತ್ರಿಯಾಗಲು ಹೊರಟಿದ್ದ ಡಗ್ ಫೋರ್ಡ್ ಪ್ರಚಾರದಲ್ಲಿ ಹೈಡ್ರೋ ಒನ್ ಮುಖ್ಯಸ್ಥ ಮೇಯೋ ಶ್ಮಿಟ್ ಅವರ ಸಂಬಳವನ್ನೇ ದೊಡ್ಡ ವಿಷಯ ಮಾಡಿದ್ದರು. "ಆರು ಮಿಲಿಯನ್ ಡಾಲರ್ ಮನುಷ್ಯ" ಅಂತ ಕರೆದು, ಗೆದ್ದರೆ ಮನೆಗೆ ಕಳಿಸುತ್ತೇನೆ ಅಂದಿದ್ದರು. ಗೆದ್ದರು. ಜೂನ್ 29ಕ್ಕೆ ಅಧಿಕಾರ ಹಿಡಿದರು. ಜುಲೈ 11ಕ್ಕೆ ಶ್ಮಿಟ್ ನಿವೃತ್ತಿಯಾಗುತ್ತಾರೆ, ಆಡಳಿತ ಮಂಡಳಿಯ 14 ಜನರೂ ರಾಜೀನಾಮೆ ಕೊಡುತ್ತಾರೆ ಅಂತ ಪ್ರಕಟಣೆ ಬಂತು. ಎರಡು ವಾರವೂ ತುಂಬಿರಲಿಲ್ಲ. ಅದೇ ತಿಂಗಳು ಹೈಡ್ರೋ ಒನ್ ಮೇಲಧಿಕಾರಿಗಳ ಸಂಬಳಕ್ಕೆ ಸರ್ಕಾರ ಕೈ ಹಾಕುವಂಥ ಕಾನೂನೂ ಪಾಸಾಯಿತು.

ಒಂಟಾರಿಯೋದ ಮತದಾರರ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ಅವರ ಕಂಪನಿ, ಅವರ ಬಿಲ್ಲು, ಅವರು ಆರಿಸಿದ ಸರ್ಕಾರ. ಆದರೆ ಸ್ಪೋಕೇನಿನಲ್ಲೋ ಉತ್ತರ ಐಡಹೋದಲ್ಲೋ ಕೂತವರ ಕಡೆಯಿಂದ ನೋಡಿ. 47 ಶೇಕಡಾ ಷೇರು ಇಟ್ಟುಕೊಂಡ ಸರ್ಕಾರ ಇಡೀ ಮಂಡಳಿಯನ್ನು ಹದಿನೈದು ದಿನದಲ್ಲಿ ಮನೆಗೆ ಕಳಿಸಬಲ್ಲದು. ಹಾಗಾದರೆ ನಾಳೆ ನಮ್ಮ ಅವಿಸ್ಟಾದ ವಿಷಯದಲ್ಲಿ ಏನು ಮಾಡಲಾರದು?

2018ರ ಡಿಸೆಂಬರ್ 5ರಂದು ಕರೆಂಟ್ ಕಂಪನಿಗಳ ಮೇಲೆ ಕಣ್ಣಿಡುವ ವಾಷಿಂಗ್ಟನ್ ರಾಜ್ಯದ ನಿಯಂತ್ರಣ ಆಯೋಗ ಈ ವ್ಯಾಪಾರ ಬೇಡ ಅಂದಿತು. 2019ರ ಜನವರಿ 3ರಂದು ಐಡಹೋ ಆಯೋಗವೂ ಬೇಡ ಅಂದಿತು. ಜನವರಿ 23ಕ್ಕೆ ಎರಡೂ ಕಂಪನಿಗಳು ವ್ಯಾಪಾರ ಮುರಿದುಕೊಂಡವು. ಒಪ್ಪಂದ ಮುರಿದುಬಿದ್ದದ್ದಕ್ಕೆ ಹೈಡ್ರೋ ಒನ್ ಅವಿಸ್ಟಾಗೆ 103 ಮಿಲಿಯನ್ ಡಾಲರ್ ಶುಲ್ಕ ಕಟ್ಟಬೇಕಾಯಿತು. ಇಲ್ಲಿ ಮರೆಯಬಾರದ ಮಾತೊಂದಿದೆ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ವಿದೇಶಿ ಹೂಡಿಕೆಯನ್ನು ದೇಶದ ಭದ್ರತೆಯ ಕಣ್ಣಿನಿಂದ ನೋಡುವ ಸಮಿತಿ ಈ ವ್ಯಾಪಾರಕ್ಕೆ ಆಗಲೇ ಒಪ್ಪಿಗೆ ಕೊಟ್ಟಿತ್ತು. ಅಲಾಸ್ಕಾ, ಮೊಂಟಾನಾ ರಾಜ್ಯಗಳೂ ಒಪ್ಪಿದ್ದವು. ತಡೆದದ್ದು ಎರಡು ರಾಜ್ಯಗಳು. ಎರಡೂ ಬೇರೆ ಬೇರೆ ಕಾನೂನಿನ ಬಲದಿಂದ ತಡೆದವು. ನಮ್ಮ ಮೊದಲ ಎರಡು ದಾರಿ ಇವೇ.

ಐಡಹೋ: ಬಾಗಿಲೇ ಇಲ್ಲ

ಐಡಹೋ ಕಾನೂನು 1951ರದ್ದು. ಆಗ ಭಯ ಇದ್ದದ್ದು ಚೀನಾದ್ದೂ ಅಲ್ಲ, ಕೆನಡಾದ್ದೂ ಅಲ್ಲ, ಪಕ್ಕದ ಮನೆಯದ್ದು. ವಾಷಿಂಗ್ಟನ್ ರಾಜ್ಯದ ಪಿಯುಡಿಗಳು, ಅಂದರೆ ಜನರೇ ಆರಿಸಿದವರು ನಡೆಸುವ ಸಾರ್ವಜನಿಕ ವಿದ್ಯುತ್ ಸಂಸ್ಥೆಗಳು, ವಾಷಿಂಗ್ಟನ್ ವಾಟರ್ ಪವರ್ ಕಂಪನಿಯನ್ನೇ ಕೊಂಡುಕೊಳ್ಳಲು ಓಡಾಡುತ್ತಿದ್ದ ಕಾಲ. ಕೊಂಡಿದ್ದರೆ ಐಡಹೋದ ಲೈನುಗಳೂ ಅವರದ್ದಾಗುತ್ತಿದ್ದವು.

ಕಾನೂನಿನ ಮಾತು ಗಟ್ಟಿಯಾಗಿದೆ. ಐಡಹೋದಲ್ಲಿ ಜನರಿಗೆ ಕರೆಂಟ್ ತಯಾರಿಸಲು, ಸಾಗಿಸಲು, ಹಂಚಲು ಬಳಸುವ ಕಂಪನಿಯ ಯಾವ ಆಸ್ತಿಯೂ ಬೇರೆ ರಾಜ್ಯದ ಸರ್ಕಾರಕ್ಕಾಗಲಿ, ನಗರಸಭೆಗಾಗಲಿ, ಸರ್ಕಾರದ ಯಾವುದೇ ಅಂಗಕ್ಕಾಗಲಿ ಹೋಗುವಂತಿಲ್ಲ. ನೇರವಾಗಿಯೂ ಇಲ್ಲ, ಸುತ್ತುಬಳಸಿಯೂ ಇಲ್ಲ, ಯಾವ ಉಪಾಯದಿಂದಲೂ ಇಲ್ಲ. ಆ ಸರ್ಕಾರದ ಪರವಾಗಿ ಟ್ರಸ್ಟಿಯಾಗಿ, ಏಜೆಂಟಾಗಿ, ಹೆಸರಿಗೆ ಮಾತ್ರ ಮುಂದೆ ನಿಂತು ಕೊಳ್ಳುವವರಿಗೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೇನಾಮಿಗೂ ಜಾಗ ಇಲ್ಲ. ಅಂಥ ಸರ್ಕಾರದ ಒಡೆತನ ಅಥವಾ ಹಿಡಿತ ಇರುವ ಕಂಪನಿಗಳೂ ಇದರಲ್ಲೇ ಬಂದವು.

ನನಗೆ ಈ ಕಾನೂನು ತುಂಬಾ ಇಷ್ಟವಾಗುವುದು ಎರಡು ಕಾರಣಕ್ಕೆ. ಇದು ಯಾವ ದೇಶವನ್ನೂ ಶತ್ರು ಅನ್ನುವುದಿಲ್ಲ. ಒಳ್ಳೆಯ ಸರ್ಕಾರ, ಕೆಟ್ಟ ಸರ್ಕಾರ ಅಂತ ವಿಂಗಡಿಸುವುದಿಲ್ಲ. ಹೊರಗಿನ ಸರ್ಕಾರ ಅಂದರೆ ಸಾಕು, ಅದಕ್ಕೆ ಬೇರೆ ಮತದಾರರಿದ್ದಾರೆ ಅನ್ನುವಷ್ಟೇ ಇದರ ತರ್ಕ. ಎರಡನೆಯದು ಹಿಡಿತ ಅನ್ನುವ ಮಾತು. 2019ರಲ್ಲಿ ಆಯೋಗ ಷೇರಿನ ಶೇಕಡಾ ಲೆಕ್ಕ ಮಾಡಿ ಸುಮ್ಮನಾಗಲಿಲ್ಲ. ಒಂಟಾರಿಯೋ ಅತಿ ದೊಡ್ಡ ಷೇರುದಾರ, ಜೊತೆಗೆ ಕಾನೂನು ಮಾಡುವ ಶಕ್ತಿಯೂ ಅದರ ಕೈಯಲ್ಲಿದೆ, ಎರಡೂ ಸೇರಿದರೆ ಹಿಡಿತ ಅದರದ್ದೇ ಅಂತ ತೀರ್ಮಾನಿಸಿತು. ಅದಕ್ಕೂ ಸುಮಾರು 68 ವರ್ಷ ಹಿಂದೆ ನೆರೆಯ ಊರಿನವರನ್ನು ನೆನೆದು ಬರೆದ ಸಾಲು ಕೆನಡಾದ ಪ್ರಾಂತ್ಯಕ್ಕೂ ಸರಿಯಾಗಿ ಹೊಂದಿತು.

ಇದಲ್ಲದೆ ಇನ್ನೊಂದು ಕಲಂ ಇದೆ. ಯಾರೇ ಕೊಳ್ಳಲಿ, ಮೂರು ವಿಷಯ ಸಾಬೀತು ಮಾಡಬೇಕು. ವ್ಯಾಪಾರ ಸಾರ್ವಜನಿಕ ಹಿತಕ್ಕೆ ಸರಿಹೊಂದಬೇಕು. ಇದರಿಂದಾಗಿ ದರ ಏರಬಾರದು. ಕೊಳ್ಳುವವರಿಗೆ ನಿಜವಾಗಿ ನಡೆಸುವ ಮನಸ್ಸೂ ಹಣವೂ ಇರಬೇಕು. ಸಾಬೀತು ಮಾಡುವ ಹೊಣೆ ಕೊಳ್ಳುವವರದ್ದು. ಹೈಡ್ರೋ ಒನ್ ಇದರಲ್ಲೂ ಸೋತಿತು.

ಕೊರತೆ ಏನು ಅಂದರೆ ಬಿಗಿತನ. ನಿಜಕ್ಕೂ ಒಳ್ಳೆಯ, ಕಡಿಮೆ ಬಡ್ಡಿಗೆ ಹಣ ತರಬಲ್ಲ ಸಾರ್ವಜನಿಕ ಸಂಸ್ಥೆ ಬಂದರೂ ಆಯೋಗ ಅದರ ಮಾತು ಕೇಳುವ ಹಾಗಿಲ್ಲ. ಕೊಳ್ಳುವವರ ಸಂಖ್ಯೆ ಕಡಿಮೆಯಾದರೆ ಮಾರುವವರಿಗೆ ಬೆಲೆಯೂ ಕಡಿಮೆ ಸಿಗಬಹುದು. ಇದು ನಷ್ಟವೇ. ಆದರೆ ಆ ನಷ್ಟ ಮುಖ್ಯವಾಗಿ ಷೇರುದಾರರದ್ದು, ಗ್ರಾಹಕರದ್ದಲ್ಲ.

ವಾಷಿಂಗ್ಟನ್: ನಮಗೇನು ಲಾಭ, ಅದನ್ನು ತೋರಿಸಿ

ವಾಷಿಂಗ್ಟನ್ ರಾಜ್ಯದಲ್ಲಿ ಹೊರಗಿನ ಸರ್ಕಾರಕ್ಕೆ ನಿಷೇಧ ಇಲ್ಲ. ಇರುವುದು ಪರೀಕ್ಷೆ. ಕರೆಂಟ್ ಅಥವಾ ಗ್ಯಾಸ್ ಕಂಪನಿಯ ಹಿಡಿತ ಯಾರಿಗಾದರೂ ಹೋಗುವಂತಿದ್ದರೆ, ಅದರಿಂದ ಗ್ರಾಹಕರಿಗೆ ಒಟ್ಟಾರೆ ಲಾಭ ಆಗುತ್ತದೆ ಅಂತ ಆಯೋಗಕ್ಕೆ ಮನವರಿಕೆಯಾಗಬೇಕು. "ತೊಂದರೆ ಆಗಲ್ಲ" ಅಂದರೆ ಸಾಲದು.

ಈ ಅಳತೆ ಮೊದಲಿನಿಂದ ಇರಲಿಲ್ಲ. ಸಿಯಾಟಲ್ ಸುತ್ತಮುತ್ತ ಕರೆಂಟ್ ಕೊಡುವ ಪ್ಯೂಜೆಟ್ ಸೌಂಡ್ ಎನರ್ಜಿಯನ್ನು ಆಸ್ಟ್ರೇಲಿಯಾದ ಮಕ್ವಾರಿ ಮುಂದಾಳತ್ವದ ಗುಂಪು ಕೊಳ್ಳಲು ಬಂದಾಗ "ಹಾನಿ ಇಲ್ಲದಿದ್ದರೆ ಸಾಕು" ಅನ್ನುವ ಹಳೆಯ ಅಳತೆ ಇತ್ತು. ಆಯೋಗ 2008ರ ಕೊನೆಯಲ್ಲಿ ಇಬ್ಬರು ಪರ, ಒಬ್ಬರು ವಿರುದ್ಧ ಅಂತ ಒಪ್ಪಿಗೆ ಕೊಟ್ಟಿತು. ಮಾರನೇ ವರ್ಷವೇ ಶಾಸನಸಭೆ ಅಳತೆಯನ್ನು ಬಿಗಿ ಮಾಡಿತು. ಒಂದು ವ್ಯಾಪಾರದಿಂದ ಪಾಠ ಕಲಿತು ಮುಂದಿನ ವ್ಯಾಪಾರಕ್ಕೆ ಸಿದ್ಧವಾದ ರಾಜ್ಯ ಇದು.

ಹೈಡ್ರೋ ಒನ್ ಪ್ರಕರಣದಲ್ಲಿ ಈ ಪರೀಕ್ಷೆ ಹೇಗೆ ಕೆಲಸ ಮಾಡಿತು ನೋಡಿ. ಕಂಪನಿಗಳು ಗ್ರಾಹಕರ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತೇವೆ ಅಂದಿದ್ದವು. ಅವಿಸ್ಟಾದ ಹಣ ಬೇರೆ, ಹೈಡ್ರೋ ಒನ್ ಹಣ ಬೇರೆ ಇರುವಂತೆ ಗೋಡೆ ಕಟ್ಟುತ್ತೇವೆ ಅಂದಿದ್ದವು. ಆಯೋಗ ಇದನ್ನೆಲ್ಲಾ ತಕ್ಕಡಿಯ ಒಂದು ಕಡೆ ಇಟ್ಟಿತು. ಇನ್ನೊಂದು ಕಡೆ ಜುಲೈನ ಘಟನೆಗಳನ್ನು ಇಟ್ಟಿತು. ರಾಜಕೀಯ ಕಾರಣಕ್ಕೆ ಕಂಪನಿಯೊಳಗೆ ಕೈ ಹಾಕಲು ಸಿದ್ಧವಿರುವ ಸರ್ಕಾರದ ಅಪಾಯದ ಮುಂದೆ ಆ ಲಾಭಗಳು ಹಗುರವಾದವು.

ಇದಾದ ಕೆಲವೇ ತಿಂಗಳಿಗೆ, 2019ರ ಮಾರ್ಚ್‌ನಲ್ಲಿ, ಅದೇ ಆಯೋಗ ಇನ್ನೊಂದು ಅರ್ಜಿಯ ತೀರ್ಮಾನ ಮಾಡಿತು. ಮಕ್ವಾರಿ ತನ್ನ ಪ್ಯೂಜೆಟ್ ಷೇರು ಮಾರುತ್ತಿತ್ತು. ಕೊಳ್ಳುವವರಲ್ಲಿ ಒಂಟಾರಿಯೋದ ನಗರಸಭೆ ನೌಕರರ ಪಿಂಚಣಿ ನಿಧಿ ಇತ್ತು. ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳ ಸಾರ್ವಜನಿಕ ನಿಧಿಗಳನ್ನು ನೋಡಿಕೊಳ್ಳುವ ಸಂಸ್ಥೆಗಳೂ ಇದ್ದವು. ಆಯೋಗ ಷರತ್ತುಗಳ ಮೇಲೆ ಒಪ್ಪಿತು. ಅದೇ ಕೆನಡಾ, ಅದೇ ಒಂಟಾರಿಯೋ. ಒಂದಕ್ಕೆ ಇಲ್ಲ, ಇನ್ನೊಂದಕ್ಕೆ ಹೂಂ. ಇದು ಗೊಂದಲ ಅಲ್ಲ. ಪಿಂಚಣಿ ನಿಧಿಗೆ ತನ್ನ ನಿವೃತ್ತರಿಗೆ ಹಣ ಬರಬೇಕು, ಅಷ್ಟೇ. ಅದು ಚುನಾವಣೆಗೆ ನಿಲ್ಲುವುದಿಲ್ಲ. ಹಲವರ ನಡುವೆ ಷೇರು ಹಂಚಿಹೋಗಿದ್ದರಿಂದ ಒಬ್ಬರದ್ದೇ ಹಿಡಿತವೂ ಇರಲಿಲ್ಲ. ಐಡಹೋ ಥರದ ಕಾನೂನಿನಲ್ಲಿ ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸುವುದು ಕಷ್ಟ.

ಆದರೆ ತಕ್ಕಡಿ ಹಿಡಿಯುವವರು ಮುಖ್ಯ. ಈ ದಾರಿಗೆ ಓದಿಕೊಂಡ, ಧೈರ್ಯ ಇರುವ ಆಯೋಗ ಬೇಕು. ಗ್ರಾಹಕರ ಪರ ವಾದಿಸುವ ವಕೀಲರು ಬೇಕು. ಒಂಟಾರಿಯೋದ ಚುನಾವಣೆ ಒಂದು ವರ್ಷ ತಡವಾಗಿ ನಡೆದಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ ನನ್ನನ್ನು ಕಾಡುತ್ತದೆ. ಅಪಾಯ ಆಗ ಕಣ್ಣಿಗೆ ಕಾಣುತ್ತಿರಲಿಲ್ಲ, ತಕ್ಕಡಿಯಲ್ಲಿ ಇಡಲು ಏನೂ ಇರುತ್ತಿರಲಿಲ್ಲ. ಐಡಹೋ ಕಾನೂನಿಗೆ ಮಾತ್ರ ಆ ಅದೃಷ್ಟ ಬೇಕಿರಲಿಲ್ಲ.

ಒಂಟಾರಿಯೋ: ಮನೆಯ ಬೀಗ

ಹಾಗಾದರೆ ಒಂಟಾರಿಯೋ ತನ್ನ ಲೈನುಗಳನ್ನು ಹೇಗೆ ಕಾಪಾಡಿಕೊಂಡಿದೆ? ಹೈಡ್ರೋ ಒನ್ ಷೇರು ಮಾರುವಾಗಲೇ ತನ್ನ ವಿದ್ಯುತ್ ಕಾನೂನಿನಲ್ಲಿ ಎರಡು ಅಂಕಿ ಬರೆದಿಟ್ಟಿತು. ಸರ್ಕಾರದ ಪಾಲು 40 ಶೇಕಡಾಕ್ಕಿಂತ ಕೆಳಗೆ ಬರುವಂತೆ ಮಾರಬಾರದು. ಬೇರೆ ಯಾರೂ 10 ಶೇಕಡಾಕ್ಕಿಂತ ಜಾಸ್ತಿ ಮತದ ಷೇರು ಇಟ್ಟುಕೊಳ್ಳಬಾರದು. ಅಂದರೆ ಬೇರೆ ಸರ್ಕಾರ ಬಂದರೂ ಹತ್ತರ ಮೇಲೆ ಹೋಗಲಾರದು.

ಸರಳ, ಸ್ಪಷ್ಟ, ಯಾರ ವಿವೇಚನೆಗೂ ಬಿಡದ ದಾರಿ. ಈಗಾಗಲೇ ಸರ್ಕಾರಿ ಕಂಪನಿ ಇದ್ದು, ಸ್ವಲ್ಪ ಪಾಲು ಮಾರಬೇಕು ಅನ್ನುವ ರಾಜ್ಯಕ್ಕೆ ಇದು ತುಂಬಾ ಹೊಂದುತ್ತದೆ. ಮೊದಲೇ ಖಾಸಗಿ ಇರುವ ಕಂಪನಿಗೆ ಹೊಂದುವುದಿಲ್ಲ, ಯಾಕಂದ್ರೆ 40 ಶೇಕಡಾ ಇಟ್ಟುಕೊಳ್ಳಲು ಸರ್ಕಾರದ ಬಳಿ ಪಾಲೇ ಇರುವುದಿಲ್ಲ.

ಟೆಕ್ಸಸ್: ದೇಶಗಳ ಪಟ್ಟಿ

ಈಗ ಜಾಸ್ತಿ ಸುದ್ದಿ ಮಾಡುವುದು ಈ ದಾರಿ. ಟೆಕ್ಸಸ್‌ನ ವಾಲ್ ವರ್ಡೆ ಕೌಂಟಿಯಲ್ಲಿ, ಮೆಕ್ಸಿಕೋ ಗಡಿಯ ಹತ್ತಿರ, ಚೀನಾ ಮೂಲದ ಕಂಪನಿಯೊಂದು ಒಂದು ಲಕ್ಷ ಎಕರೆಗೂ ಮೀರಿ ಜಮೀನು ಕೊಂಡು ಗಾಳಿ ವಿದ್ಯುತ್ ಘಟಕ ಹಾಕಲು ಹೊರಟಿತ್ತು. ಹತ್ತಿರದಲ್ಲೇ ಲಾಫ್ಲಿನ್ ವಾಯುಪಡೆ ನೆಲೆ. ಗಾಳಿಯಂತ್ರದ ಕರೆಂಟ್ ಹೊರಹೋಗಬೇಕಾದರೆ ರಾಜ್ಯದ ಗ್ರಿಡ್‌ಗೆ ಸೇರಲೇಬೇಕು. ಇದರಿಂದ ಎದ್ದ ಆತಂಕಕ್ಕೆ 2021ರ ಜೂನ್‌ನಲ್ಲಿ ಲೋನ್ ಸ್ಟಾರ್ ಮೂಲಸೌಕರ್ಯ ರಕ್ಷಣಾ ಕಾನೂನು ಬಂತು.

ಅದರಲ್ಲಿ ನಾಲ್ಕು ದೇಶಗಳ ಹೆಸರಿದೆ: ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾ. ಬೇಕಾದರೆ ಗವರ್ನರ್ ಇನ್ನಷ್ಟು ದೇಶ ಸೇರಿಸಬಹುದು. ಆ ದೇಶಗಳ ಸರ್ಕಾರದ್ದೋ ನಾಗರಿಕರದ್ದೋ ಹಿಡಿತ ಇರುವ ಕಂಪನಿಗೆ ಗ್ರಿಡ್ ಮೇಲೆ ನೇರವಾಗಿಯೋ ದೂರದಿಂದಲೋ ಪ್ರವೇಶ ಅಥವಾ ನಿಯಂತ್ರಣ ಕೊಡುವಂಥ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. 2023ರಲ್ಲಿ ಇದನ್ನು ಟೆಕ್ಸಸ್ ಗ್ರಿಡ್ ನಡೆಸುವ ಎರ್ಕಾಟ್‌ನ ಮಾರುಕಟ್ಟೆಗೂ ವಿಸ್ತರಿಸಿದರು.

ಇದರ ಒಳ್ಳೆಯ ಗುಣ ಒಂದಿದೆ. ಬೇರೆಯವರು ಒಡೆತನ ಅಂತ ಪತ್ರ ನೋಡುತ್ತಾ ಕೂತಾಗ ಟೆಕ್ಸಸ್ "ದೂರದಿಂದ ಪ್ರವೇಶ" ಅನ್ನುವ ಮಾತು ಸೇರಿಸಿತು. ಇವತ್ತು ಸಬ್‌ಸ್ಟೇಷನ್ನಿನ ಬ್ರೇಕರ್ ತೆಗೆಯಲು ಅಲ್ಲಿ ಹೋಗಬೇಕಿಲ್ಲ. ಎಲ್ಲೋ ಕೂತು ಒಂದು ಬಟನ್ ಒತ್ತಿದರೂ ಆಗುತ್ತದೆ. ಯಾರ ಹೆಸರಲ್ಲಿ ಲೈನಿದೆ ಅನ್ನುವುದಕ್ಕಿಂತ ಯಾರ ಕಂಪ್ಯೂಟರಿಗೆ ಅದು ಮಾತು ಕೇಳುತ್ತದೆ ಅನ್ನುವುದು ಕೆಲವೊಮ್ಮೆ ದೊಡ್ಡದು.

ಆದರೆ ಈ ದಾರಿ ಹಿಡಿದಿದ್ದರೆ ಅವಿಸ್ಟಾ ಉಳಿಯುತ್ತಿರಲಿಲ್ಲ. ಕೆನಡಾ ಯಾವ ಶತ್ರು ಪಟ್ಟಿಯಲ್ಲೂ ಇರಲಿಲ್ಲ. ಅದೂ ಅಲ್ಲದೆ, ಪಟ್ಟಿ ಸರ್ಕಾರವನ್ನೂ ನಾಗರಿಕರನ್ನೂ ಒಂದೇ ತಟ್ಟೆಗೆ ಹಾಕುತ್ತದೆ. ಸರ್ಕಾರಕ್ಕೆ ಹೆದರಿ ದೇಶ ಬಿಟ್ಟು ಬಂದು ಟೆಕ್ಸಸ್‌ನಲ್ಲಿ ಕಂಪನಿ ಕಟ್ಟಿದವನೂ ಆ ಸರ್ಕಾರವೂ ಒಂದೇ ಅಂತ ಎಣಿಸುವುದು ನನಗೆ ಸರಿ ಕಾಣುವುದಿಲ್ಲ. ಭದ್ರತೆಗೆ ಈ ಕಾನೂನು ಇರಲಿ. ದರದ ರಕ್ಷಣೆಗೆ ಇದನ್ನೇ ನಂಬಿ ಕೂರಬೇಡಿ.

ಆಸ್ಟ್ರೇಲಿಯಾ: ಗುತ್ತಿಗೆಗೆ ಕೊಟ್ಟು, ದೆಹಲಿಯಂಥ ಕ್ಯಾನ್‌ಬೆರಾವನ್ನು ಕಾದದ್ದು

ನ್ಯೂ ಸೌತ್ ವೇಲ್ಸ್ 2015ರಲ್ಲಿ ಕಂಬ-ತಂತಿಗಳನ್ನು ಮಾರಲಿಲ್ಲ, 99 ವರ್ಷಕ್ಕೆ ಗುತ್ತಿಗೆಗೆ ಕೊಡಲು ಕಾನೂನು ಮಾಡಿತು. ಪ್ರಸರಣ ಜಾಲವಾದ ಟ್ರಾನ್ಸ್‌ಗ್ರಿಡ್ ಸುಮಾರು 10.26 ಬಿಲಿಯನ್ ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ತೆಗೆದುಕೊಂಡ ಗುಂಪಿನಲ್ಲಿ ಅಬುಧಾಬಿ ಮತ್ತು ಕುವೈತ್ ಸರ್ಕಾರಗಳ ಹೂಡಿಕೆ ಸಂಸ್ಥೆಗಳ ಅಂಗಗಳಿದ್ದವು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪಿಂಚಣಿ ಹಣ ನೋಡಿಕೊಳ್ಳುವ ಸಂಸ್ಥೆಯೂ ಇತ್ತು. ಒಬ್ಬೊಬ್ಬರದ್ದೂ ಕಾಲು ಭಾಗಕ್ಕಿಂತ ಕಡಿಮೆ ಪಾಲು.

ಸಿಡ್ನಿಗೆ ಕರೆಂಟ್ ಹಂಚುವ ಆಸ್‌ಗ್ರಿಡ್‌ನ 50.4 ಶೇಕಡಾ ಗುತ್ತಿಗೆಗೆ ಬಂದಾಗ ಕಥೆ ಬೇರೆಯಾಯಿತು. ಮುಂದೆ ಬಂದವರು ಚೀನಾ ಸರ್ಕಾರದ ಸ್ಟೇಟ್ ಗ್ರಿಡ್ ಮತ್ತು ಹಾಂಗ್‌ಕಾಂಗ್‌ನ ಚ್ಯುಂಗ್ ಕಾಂಗ್ ಇನ್‌ಫ್ರಾಸ್ಟ್ರಕ್ಚರ್. ಟೆಂಡರ್ ಬಹುದೂರ ಸಾಗಿದ ಮೇಲೆ, 2016ರ ಆಗಸ್ಟ್‌ನಲ್ಲಿ, ಕೇಂದ್ರದ ಖಜಾನೆ ಮಂತ್ರಿ ಸ್ಕಾಟ್ ಮಾರಿಸನ್ ದೇಶದ ಭದ್ರತೆಯ ಕಾರಣ ಕೊಟ್ಟು ಇಬ್ಬರಿಗೂ ತಡೆ ಹಾಕಿದರು. ಕೊನೆಗೆ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ್ದೇ ಎರಡು ಪಿಂಚಣಿ ಹೂಡಿಕೆ ಸಂಸ್ಥೆಗಳು 16 ಬಿಲಿಯನ್ ಡಾಲರಿಗೂ ಜಾಸ್ತಿ ಕೊಟ್ಟು ತೆಗೆದುಕೊಂಡವು. ಹಣ ಬಂತು ಅನ್ನುವುದು ನಿಜ. ಆದರೆ ಯಾರಿಗೆ ಕೊಡಬಾರದು ಅಂತ ರಾಜ್ಯ ತಾನೇ ಮೊದಲು ಹೇಳದಿದ್ದರೆ, ತಡೆ ಬೇರೊಬ್ಬರ ಕೈಯಿಂದ, ಕೊನೆ ಗಳಿಗೆಯಲ್ಲಿ ಬರುತ್ತದೆ. ಮದುವೆ ಮಾತು ಮುಗಿದು ತಾಂಬೂಲ ಬದಲಾಯಿಸುವ ಹೊತ್ತಿಗೆ ಬೇಡ ಅಂದ ಹಾಗೆ.

ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ಉದಾಹರಣೆ ಇನ್ನೂ ಯೋಚನೆಗೆ ಹಚ್ಚುತ್ತದೆ. ಅಲ್ಲಿನ ಪ್ರಸರಣ ಕಂಪನಿ ಎಲೆಕ್ಟ್ರಾನೆಟ್. ಅದರಲ್ಲಿ 41 ಶೇಕಡಾ ಪಾಲು ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಪವರ್‌ಲಿಂಕ್ ಬಳಿ ಇತ್ತು. ಅಂದರೆ ಒಂದು ರಾಜ್ಯದ ಲೈನಿನಲ್ಲಿ ಇನ್ನೊಂದು ರಾಜ್ಯ ಸರ್ಕಾರಕ್ಕೆ ದೊಡ್ಡ ಪಾಲು. 2012ರಲ್ಲಿ ಆ ಪಾಲು ಚೀನಾದ ಸ್ಟೇಟ್ ಗ್ರಿಡ್‌ಗೆ ಮಾರಾಟವಾಯಿತು. ಮಾರಿದವರು ಕ್ವೀನ್ಸ್‌ಲ್ಯಾಂಡ್‌ನವರು, ಆ ಲೈನಿನ ಕೆಳಗೆ ಬದುಕುವವರು ಅಡಿಲೇಡ್‌ನವರು. ಹೊರಗಿನ ಸರ್ಕಾರ ಒಳ್ಳೆಯದೇ ಆಗಿರಬಹುದು, ಆದರೆ ಅದು ಮುಂದೆ ಯಾರಿಗೆ ಮಾರುತ್ತದೆ? ಮಸೂದೆ ಓದುವಾಗ ಈ ಎರಡನೇ ಮಾರಾಟದ ಕಲಂ ಇದೆಯೇ ಅಂತ ತಪ್ಪದೆ ಹುಡುಕಿ.

ಮೇಯ್ನ್: ಒಡೆತನ ಇರಲಿ, ಪ್ರಚಾರ ಬೇಡ

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್‌ನಲ್ಲಿ ಪರಿಸ್ಥಿತಿ ವಿಚಿತ್ರ. ಉತ್ತರ ಭಾಗಕ್ಕೆ ಕರೆಂಟ್ ಕೊಡುವ ವರ್ಸೆಂಟ್ ಪವರ್ 2020ರಿಂದ ಎನ್‌ಮ್ಯಾಕ್ಸ್ ಅನ್ನುವ ಕಂಪನಿಯದ್ದು. ಎನ್‌ಮ್ಯಾಕ್ಸ್ ಕೆನಡಾದ ಕ್ಯಾಲ್ಗರಿ ನಗರಸಭೆಯದ್ದು. ಸಾವಿರಾರು ಮೈಲಿ ದೂರದ ನಗರಸಭೆ ಇಲ್ಲಿನ ಹಳ್ಳಿಗಳ ಕಂಬದ ಯಜಮಾನ!

ಅಲ್ಲಿ ಗಲಾಟೆ ಎದ್ದದ್ದು ಮಾತ್ರ ಬೇರೆ ಕಾರಣಕ್ಕೆ. ಕ್ವಿಬೆಕ್‌ನಿಂದ ಮ್ಯಾಸಚೂಸೆಟ್ಸ್‌ಗೆ 1,200 ಮೆಗಾವಾಟ್ ಒಯ್ಯುವ 145 ಮೈಲಿ ಲೈನು ಮೇಯ್ನ್ ಕಾಡಿನ ಮೂಲಕ ಹೋಗಬೇಕಿತ್ತು. 2021ರ ಜನಮತಗಣನೆಯಲ್ಲಿ ಸುಮಾರು 59 ಶೇಕಡಾ ಜನ ಅದನ್ನು ತಡೆಯಲು ಮತ ಹಾಕಿದರು. ಕ್ವಿಬೆಕ್ ಸರ್ಕಾರದ ಹೈಡ್ರೋ ಕ್ವಿಬೆಕ್ ಲೈನಿನ ಪರ ಪ್ರಚಾರಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದಿತ್ತು. ಜನರಿಗೆ ಅದು ನುಂಗಲಾರದ ತುತ್ತಾಯಿತು. 2023ರ ನವೆಂಬರ್‌ನಲ್ಲಿ, ವಿದೇಶಿ ಸರ್ಕಾರಗಳೂ ಅವುಗಳ ಪ್ರಭಾವದ ಕಂಪನಿಗಳೂ ರಾಜ್ಯದ ಚುನಾವಣೆ, ಜನಮತಗಣನೆಗಳಿಗೆ ಹಣ ಹಾಕಬಾರದು ಅನ್ನುವುದಕ್ಕೆ 86 ಶೇಕಡಾ ಜನ ಹೂಂ ಅಂದರು. ಅದೇ ದಿನ ಲೈನುಗಳನ್ನೆಲ್ಲಾ ಜನರ ಒಡೆತನಕ್ಕೇ ತರುವ ಇನ್ನೊಂದು ಪ್ರಸ್ತಾವ ದೊಡ್ಡ ಅಂತರದಲ್ಲಿ ಸೋತಿತು.

ಹಣದ ಕಾನೂನು 2024ರಲ್ಲಿ ಫೆಡರಲ್ ನ್ಯಾಯಾಲಯದ ತಡೆಯಾಜ್ಞೆಗೆ ಸಿಕ್ಕಿತು. 5 ಶೇಕಡಾ ವಿದೇಶಿ ಸರ್ಕಾರದ ಪಾಲು ಇದ್ದರೂ ಸಾಕು, ಇಡೀ ಕಂಪನಿ ಬಾಯಿ ಮುಚ್ಚಬೇಕು ಅನ್ನುವಂಥ ಅಳತೆ ಅತಿಯಾಯಿತು ಅನ್ನುವುದು ಮುಖ್ಯ ತಕರಾರು. ಒಡೆತನದ ಕಾನೂನಿಗೆ ಇದು ಬದಲಿಯಲ್ಲ, ಜೊತೆಗಿರಬಹುದಾದ ಒಂದು ಕಲಂ ಅಷ್ಟೇ.

ಹಾಗಾದರೆ ಯಾವುದನ್ನು ಆರಿಸುವುದು?

ನಿಮ್ಮದು ಚಿಕ್ಕ ರಾಜ್ಯ, ಆಯೋಗದಲ್ಲಿ ಜನ ಕಡಿಮೆ, ಕಂಪನಿ ಖಾಸಗಿ, ಪಕ್ಕದ ರಾಜ್ಯ ದೊಡ್ಡದು. ಹಾಗಿದ್ದರೆ ಐಡಹೋ ದಾರಿ. ದೊಡ್ಡ ಕಂಪನಿಯ ವಕೀಲರ ಎದುರು ಚಿಕ್ಕ ಆಯೋಗ ತಿಂಗಳುಗಟ್ಟಲೆ ವಾದ ಮಾಡುವ ಬದಲು, ಕಾನೂನಿನ ಒಂದು ಸಾಲು ತೋರಿಸಿದರೆ ಮುಗಿಯಿತು.

ಆಯೋಗ ಬಲವಾಗಿದೆ, ಗ್ರಾಹಕರ ಪರ ವಾದಿಸುವವರಿದ್ದಾರೆ, ರಾಜ್ಯಕ್ಕೆ ಹೊಸ ಲೈನುಗಳಿಗೆ ಹೊರಗಿನ ಹಣ ಬೇಕು ಅಂದರೆ ವಾಷಿಂಗ್ಟನ್ ದಾರಿ. ನಾನು ಒಂದನ್ನೇ ಆರಿಸಬೇಕಾದರೆ ಇದನ್ನೇ ಆರಿಸುತ್ತೇನೆ, ಆದರೆ ಐಡಹೋದ ಒಂದು ಸಾಲು ಕಡ ತಂದು ಸೇರಿಸಿಕೊಂಡು: ಹೊರಗಿನ ಸರ್ಕಾರದ *ಹಿಡಿತ* ಇದ್ದರೆ ನಿಷೇಧ, ಬರೀ ಪಾಲು ಇದ್ದರೆ ಪರೀಕ್ಷೆ. ಪಿಂಚಣಿ ನಿಧಿ ಒಳಗೆ ಬರಲಿ, ಮಂಡಳಿಯನ್ನು ಮನೆಗೆ ಕಳಿಸಬಲ್ಲ ಮಂತ್ರಿ ಬರುವುದು ಬೇಡ.

ಕಂಪನಿ ಈಗ ಸರ್ಕಾರಿ ಆಗಿದ್ದು ಪಾಲು ಮಾರುವ ಮಾತಿದ್ದರೆ ಒಂಟಾರಿಯೋದ 40 ಮತ್ತು 10. ಗುತ್ತಿಗೆಗೆ ಕೊಡುವುದಾದರೆ ಟೆಂಡರ್ ಕರೆಯುವ ಮೊದಲೇ ಯಾರಿಗೆ ಇಲ್ಲ ಅಂತ ಬರೆದಿಡಿ. ಟೆಕ್ಸಸ್‌ನಿಂದ ದೂರದ ಪ್ರವೇಶದ ಕಲಂ ಮಾತ್ರ ತೆಗೆದುಕೊಳ್ಳಿ.

ಒಂದು ಎಚ್ಚರ. "ಹೊರಗಿನವರು ಬೇಡ" ಅಂತ ಕಾಣುವ ಎಲ್ಲಾ ಕಾನೂನೂ ಇದೇ ಜಾತಿಯಲ್ಲ. ಟೆಕ್ಸಸ್ 2019ರಲ್ಲಿ ಹೊಸ ಪ್ರಸರಣ ಲೈನು ಕಟ್ಟುವ ಹಕ್ಕನ್ನು ಈಗಾಗಲೇ ಅಲ್ಲಿ ಲೈನು ಇರುವ ಕಂಪನಿಗಳಿಗೇ ಮೀಸಲಿಟ್ಟಿತು. ನೋಡಲು ನಮ್ಮವರ ರಕ್ಷಣೆ. ನಿಜದಲ್ಲಿ ಹಳೆಯ ಕಂಪನಿಗೆ ಸ್ಪರ್ಧೆ ಇಲ್ಲದ ಹಾಗೆ ಮಾಡಿದ್ದು. 2022ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ರಾಜ್ಯ-ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಇದು ಅಡ್ಡಿ ಅನ್ನುವ ವಾದವನ್ನು ಎತ್ತಿಹಿಡಿಯಿತು. ಅಂಥದ್ದೇ ಕಾನೂನಿಗೆ ಐಯೋವಾದಲ್ಲೂ 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಿಂದ ಪೆಟ್ಟು ಬಿತ್ತು. ಹೊರಗಿನ *ಸರ್ಕಾರ* ಬೇಡ ಅನ್ನುವುದು ಬೇರೆ, ಹೊರಗಿನ *ಸ್ಪರ್ಧಿ* ಬೇಡ ಅನ್ನುವುದು ಬೇರೆ. ಮೊದಲನೆಯದರಿಂದ ಗ್ರಾಹಕರಿಗೆ ರಕ್ಷಣೆ, ಎರಡನೆಯದರಿಂದ ಕಂಪನಿಗೆ.

ಭಾರತದ ಮಾತಿಗೆ ಬಂದರೆ, 2003ರ ವಿದ್ಯುತ್ ಕಾಯ್ದೆಯ 17ನೇ ಕಲಂ ವಾಷಿಂಗ್ಟನ್‌ಗೆ ಹತ್ತಿರ. ಲೈಸೆನ್ಸ್ ಇರುವ ಕಂಪನಿ ಆಯೋಗದ ಒಪ್ಪಿಗೆ ಇಲ್ಲದೆ ತನ್ನ ಜಾಲವನ್ನು ಮಾರಲಾಗದು, ಗುತ್ತಿಗೆಗೂ ಕೊಡಲಾಗದು. ಕೊಟ್ಟರೆ ಆ ಒಪ್ಪಂದ ಅಸಿಂಧು. ಆದರೆ ಒಪ್ಪಿಗೆ ಕೊಡುವಾಗ ಗ್ರಾಹಕರಿಗೆ ಲಾಭ ಇದೆಯೇ ಅಂತ ತೋರಿಸಲೇಬೇಕು ಅನ್ನುವ ಗಟ್ಟಿ ಅಳತೆ ಆ ಕಲಂನಲ್ಲಿ ಇಲ್ಲ. ಕರ್ನಾಟಕದಲ್ಲಿ ಕೆಪಿಟಿಸಿಎಲ್ ಪೂರ್ತಿ ರಾಜ್ಯದ್ದೇ ಆಗಿರುವವರೆಗೆ ಈ ಕೊರತೆ ಕಾಣುವುದಿಲ್ಲ. ಪಾಲು ಮಾರುವ ಮಾತು ಬಂದ ದಿನ ಮೊದಲು ಕೇಳಬೇಕಾದದ್ದು ಬೆಲೆ ಎಷ್ಟು ಅಂತ ಅಲ್ಲ, ಆ ಅಳತೆ ಎಲ್ಲಿ ಬರೆದಿದೆ ಅಂತ.

ಕೊನೆಗೆ ಕೈಯಲ್ಲಿ ಹಿಡಿದುಕೊಳ್ಳಲು ನಾಲ್ಕು ಪ್ರಶ್ನೆ. ಕೊಳ್ಳುವವರ ಹಿಂದೆ ಯಾವ ಸರ್ಕಾರ ಇದೆ, ಅದು ಮಂಡಳಿಯನ್ನು ಬದಲಿಸಬಲ್ಲದೇ? ದರ ಏರುವುದಿಲ್ಲ ಅನ್ನುವುದನ್ನು ಸಾಬೀತು ಮಾಡುವ ಹೊಣೆ ಯಾರದ್ದು? ಅವರು ಮುಂದೆ ಮಾರಿದರೆ ಮತ್ತೆ ಒಪ್ಪಿಗೆ ಬೇಕೇ? ಕಂಟ್ರೋಲ್ ರೂಮ್ ಎಲ್ಲಿರುತ್ತದೆ? ಐಡಹೋದಲ್ಲಿ ಇಂಥ ಮಾರಾಟಕ್ಕೆ ಒಪ್ಪಿಗೆ ಕೊಡುವ ಮೊದಲು ಸಾರ್ವಜನಿಕ ವಿಚಾರಣೆ ನಡೆಯಲೇಬೇಕು ಅಂತ ಕಾನೂನೇ ಹೇಳುತ್ತದೆ. ಕರ್ನಾಟಕದಲ್ಲಿ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ದರ ಪರಿಷ್ಕರಣೆಗೆ ಮುನ್ನ ಜನರಿಂದ ಆಕ್ಷೇಪಣೆ ಕರೆಯುತ್ತದೆ. ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ವಿಚಾರಣೆಯ ದಿನ ಕೊಟ್ಟು ಬನ್ನಿ.